ಜೋಡು

ಹಳೇಬೀಡಿನ ಗುಡಿ ಬಾಗಿಲಲ್ಲಿ
ಚಪ್ಪಲಿ ಕಾಯುವವಳು ನಾನು, ಸಣ್ಣತಾಯಿ.
ಜೋಡಿಗೆ ಎರಡು ರೂಪಾಯಿ. ಮಕ್ಕಳದ್ದಕ್ಕೆ ಕೇಳುವುದಿಲ್ಲ.
ಒಳಗೆ ಗೋಡೆ ಮೇಲೆ ಕಲ್ಲಾನೆಗಳು ಸಾಲು ಹಿಡಿದು ನಡೆಯುತ್ತಿವೆ,
ನೂರಾರು ವರ್ಷದಿಂದ,
ಒಂದು ಹೆಜ್ಜೆಯೂ ಆಚೆ ಹೋಗದೆ.
ನನ್ನ ನಡಿಗೆಯೂ ಅಷ್ಟೇ ಆಗಿತ್ತು, ಇಪ್ಪತ್ತೆರಡು ವರ್ಷ.

ಆದರೆ ಮುಖ ನೋಡದೆ ಊರು ಹೇಳಬಲ್ಲೆ.
ಕಿರ್ರು ಕಿರ್ರು ಅಂತ ದೂರದಿಂದಲೇ ಕೂಗಿ ಬಂದದ್ದು ಕೊಲ್ಹಾಪುರ.
ಮೂಗು ಮೇಲೆತ್ತಿಕೊಂಡ ಮೊಜಡಿ ಜೋಧಪುರದ ಕಡೆಯದು,
ಎಡ ಯಾವುದು ಬಲ ಯಾವುದು, ಅದಕ್ಕೇ ಗೊತ್ತಿಲ್ಲ.
ಹಿಮ್ಮಡಿ ಸವೆದ ಹವಾಯಿ, ಅದು ಎಲ್ಲ ಊರಿನದೂ.
ಅಟ್ಟೆಯ ಗೀರಿನಲ್ಲಿ ಉಪ್ಪು ಬೆಳ್ಳಗೆ ಒಣಗಿದ್ದರೆ ಸಮುದ್ರ.
ಕೆಂಪು ಮಣ್ಣಿದ್ದರೆ ಗೋವಾ ಅನ್ನಬಹುದು,
ಮೂಡಿಗೆರೆಯೂ ಅನ್ನಬಹುದು, ಅಲ್ಲಿ ನಾನೂ ಸೋಲುತ್ತೇನೆ.
ಒಮ್ಮೆ ಅಸ್ಸಾಮಿನ ಹುಡುಗಿಯ ಬೂಟಿನೊಳಗೆ
ಒಂದು ಚಹಾ ಎಲೆ ಸಿಕ್ಕಿತು. ತೋರಿಸಿದೆ, ನಕ್ಕಳು.
ಎಸೆಯಲಿಲ್ಲ. ಮತ್ತೆ ಅಲ್ಲೇ ಇಟ್ಟು ಕಾಲು ತೂರಿಸಿದಳು.

ಪಕ್ಕದಲ್ಲಿ ಫೋಟೋ ಕಾರ್ಡು ಮಾರುವ ಮುಬೀನಾ ಅನ್ನುತ್ತಿದ್ದಳು:
“ದೇಶದ ಧೂಳೆಲ್ಲ ನಿನ್ನ ಹತ್ರಾನೇ ಬರ್ತದಲ್ಲ ಸಣ್ಣಕ್ಕ,
ಟಿಕೀಟು ಯಾಕೆ?”
ಧೂಳು ಬರ್ತದೆ ಕಣೆ. ದಾರಿ ಬರಲ್ಲ.
ಆ ಧೂಳು ಎದ್ದ ಹೊತ್ತಿನ ಗಾಳಿ, ಅಲ್ಲಿ ಅಡ್ಡ ಬಂದ ಎಮ್ಮೆ,
ಎಮ್ಮೆಗೆ ಅಲ್ಲಿಯವರು ಬೈದ ಬೈಗುಳ,
ಯಾವುದೂ ಅಟ್ಟೆಗೆ ಅಂಟಿಕೊಳ್ಳಲ್ಲ.

ಹಾರ್ಲಿಕ್ಸ್ ಡಬ್ಬಿ ತುಂಬಿತು. ಇನ್ನೊಂದು ತುಂಬಿತು.
ಕಡಿಮೆ ಬಿದ್ದದ್ದನ್ನು ಸಂಘದವರು ಸಾಲ ಕೊಟ್ಟರು,
ಕುರಿ ಕೊಳ್ಳಲು ಅಂತ ಬರೆಸಿದೆ.
ಅರಸೀಕೆರೆಯಲ್ಲಿ ರೈಲು ಹತ್ತಿದೆವು, ನಾನು, ಮುಬೀನಾ.
ಟಿಕೀಟು ಯಾಕೆ ಅಂದವಳೇ ಮೊದಲು ಕಿಟಕಿ ಹಿಡಿದದ್ದು.

ಕನ್ನಡ ಯಾವ ಸ್ಟೇಷನ್ನಿನಲ್ಲಿ ಇಳಿದು ಹೋಯಿತೋ.
ರಾತ್ರಿ ಬೆಳಗಾವಿಯ ಚಹಾದವನ ಬಾಯಲ್ಲಿತ್ತು,
ಬೆಳಗಾಗುವಾಗ ಇರಲಿಲ್ಲ.
ನೀರಿನ ರುಚಿ ಮೂರು ಸಲ ಬದಲಾಯಿತು.
ಎಲ್ಲಿಂದಲೋ ಹತ್ತಿದ ಮುದುಕಿ ನನ್ನ ಮಡಿಲಿಗೆ ಹಸಿ ಬಟಾಣಿ ಸುರಿದಳು.
ಹೇಳದೆ ಕೇಳದೆ ಇಬ್ಬರೂ ಸುಲಿದೆವು, ಝಾನ್ಸಿವರೆಗೆ.
ಸೊಸೆಯ ಮೇಲೆ ಅವಳು ಹೇಳಿದ ದೂರು ಪೂರ್ತಿ ಅರ್ಥವಾಯಿತು,
ಒಂದು ಪದವೂ ಅರ್ಥವಾಗದೆ.

ಅಮೃತಸರ. ಚಿನ್ನದ ಗುಡಿ ಇನ್ನೂ ಕಂಡಿರಲಿಲ್ಲ,
ಮೊದಲು ಕಂಡದ್ದು ಚಪ್ಪಲಿ ಇಸಕೊಳ್ಳುವ ಕಿಂಡಿ.
ಹುಡುಕಿ ಹೋದೆನೋ, ಕಾಲೇ ಕರಕೊಂಡು ಹೋಯಿತೋ.
ನೀಲಿ ಮುಂಡಾಸಿನ ಅಜ್ಜ. ಕೈಗಡಿಯಾರ ನೋಡಿದರೆ
ಅನುಕೂಲಸ್ಥನೇ ಇರಬೇಕು.
ಎರಡು ರೂಪಾಯಿ ಚಾಚಿದೆ. ಬೇಡ ಅಂತ ತಲೆಯಾಡಿಸಿದ.
ಬಾಗಿ, ಎರಡೂ ಕೈಯಲ್ಲಿ ತಗೊಂಡ ನನ್ನ ಚಪ್ಪಲಿ,
ಉಂಗುಟ ಹೊಲಿಸಿದ್ದು, ಪಿನ್ನು ಚುಚ್ಚಿದ್ದು,
ಕೂಸು ಇಸಕೊಂಡ ಹಾಗೆ.
“ಜೋಡಾ,” ಅಂದ.

ಬೆಚ್ಚಿದೆ. ಅದು ನಮ್ಮ ಮಾತು.
ಗದ್ದೆಗೆ ಹೊರಟ ಅಪ್ಪ ಬಾಗಿಲಲ್ಲಿ ನಿಂತು ಕೇಳುತ್ತಿದ್ದದ್ದು ಅದೇ:
“ನನ್ನ ಜೋಡು ಎಲ್ಲೆ ಮಗಾ?”
ಎರಡು ಹಗಲು ಎರಡು ರಾತ್ರಿ ಓಡಿದ ಮೇಲೆ
ಅಪ್ಪನ ಮಾತು ಇಲ್ಲಿ ಕಿಂಡಿಯೊಳಗೆ ಕೂತಿದೆ,
ಬಾಲ ಒಂಚೂರು ಉದ್ದ ಮಾಡಿಕೊಂಡು.

ಅಜ್ಜ ಅಟ್ಟೆ ತಿರುಗಿಸಿ ನೋಡಿದ. ನಾನು ನೋಡುವ ಹಾಗೇ.
ಗೀರಿನಲ್ಲಿ ನಮ್ಮ ಕೆರೆ ಏರಿಯ ಮಣ್ಣು.
ಎಲ್ಲಿಯದು, ಅಂತ ಹುಬ್ಬಲ್ಲಿ ಕೇಳಿದ.
“ಹಳೇಬೀಡು.”
ನಿಧಾನಕ್ಕೆ, ತಪ್ಪಾಗಿ, ತನಗೆ ತಾನೇ ಒಮ್ಮೆ ಅಂದುಕೊಂಡ.
ಟೋಕನ್ನು ಕೊಟ್ಟ. ಮುಬೀನಾ ಎಳೆಯುವವರೆಗೂ
ಬರಿಗಾಲಲ್ಲಿ ಅಲ್ಲೇ ನಿಂತಿದ್ದೆ. ಕಲ್ಲು ತಣ್ಣಗಿತ್ತು.

ಈಗ ನಾನೂ ಎರಡು ಕೈಯಲ್ಲೇ ತಗೊಳ್ಳುತ್ತೇನೆ.
ದುಡ್ಡು ಬಿಟ್ಟಿಲ್ಲ, ಸಂಘದವರು ಕುರಿ ಎಲ್ಲಿ ಅಂತ ಕೇಳುತ್ತಿದ್ದಾರೆ.
ಮೂರನೇ ಡಬ್ಬಿ ಅರ್ಧ ಆಗಿದೆ.
ಮುಬೀನಾಗೆ ಈ ಸಲ ಸಮುದ್ರ ಬೇಕಂತೆ,
ಬೆಳಗ್ಗೆ ಎದ್ದದ್ದು ಅದೇ ನೀರಿಗೆ ಇಳಿಯದಂಥದ್ದು.